ನಮ್ಮ ಎಳನೀರೆಲ್ಲ ಕುಡಿದ ಡಾಕ್ಟರಮ್ಮ

ಹೋದ ತಿಂಗಳು ರಾಯಚೂರಿನಲ್ಲಿ ಆ ಮಕ್ಕಳ ಡಾಕ್ಟರಮ್ಮನ ಬೀಳ್ಕೊಡುಗೆ ಆಯಿತು. ದೇವದುರ್ಗದಿಂದ ಬೆಳಗಿನ ಬಸ್ಸು ಹಿಡಿದು ನಾನೂ ಹೋಗಿದ್ದೆ. ಒಬ್ಬರಾದ ಮೇಲೆ ಒಬ್ಬರು ಮೈಕಿನ ಮುಂದೆ ನಿಂತು ಅವರನ್ನು ಕರುಣಾಮಯಿ ಎಂದರು, ಶಾಂತಮೂರ್ತಿ ಎಂದರು, ಮೃದುಭಾಷಿ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಮೃದುಭಾಷಿಯಂತೆ! ಅವರ ದನಿ ಏರಿತೆಂದರೆ ಆಸ್ಪತ್ರೆಯ ಗೇಟಿನ ಹೊರಗೆ ಚಹಾ ಕಾಸುವವನು ಕೂಡ ಬೆಚ್ಚಿ ಬೀಳುತ್ತಿದ್ದ. ಎದುರಿಗೆ ಜೀವಂತ ಕೂತಿರುವ ಹೆಂಗಸಿನ ಬಗ್ಗೆ ಹೀಗೆಲ್ಲ ಸುಳ್ಳು ಹೇಳಬಹುದೇ? ಅವರೂ ವೇದಿಕೆಯ ಮೇಲೆ ಮುಖ ಹುಳ್ಳಗೆ ಮಾಡಿಕೊಂಡು, ಹಾರ ಕುತ್ತಿಗೆಗೆ ಚುಚ್ಚುತ್ತದೆಂದು ತೆಗೆದು ಪಕ್ಕದವರ ತೊಡೆಯ ಮೇಲೆ ಇಟ್ಟಿದ್ದರು. ಆ ಭಾಷಣಗಳ ಸಿಟ್ಟಿಗೇ ಇದನ್ನು ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ.

ನಾನು ದೇವದುರ್ಗದಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟವಳು. ನನ್ನ ಬಾಯಿಯೂ ಸ್ವಲ್ಪ ಜೋರೇ. ನಮ್ಮಿಬ್ಬರಿಗೂ ಹೊಂದಿಕೆಯಾಗಿದ್ದು ಬಹುಶಃ ಅದರಿಂದಲೇ ಇರಬೇಕು.

ಎತ್ತರದ, ದಪ್ಪ ಆಳು. ಗಂಡಸರ ಗಡಿಯಾರವನ್ನು ಮಣಿಕಟ್ಟಿನ ಒಳಮೈಗೆ ತಿರುಗಿಸಿ ಕಟ್ಟುತ್ತಿದ್ದರು. ಕಾಟನ್ ಸೀರೆ, ಮೇಲೊಂದು ಬಿಳಿ ಕೋಟು, ಕಾಲಲ್ಲಿ ಹವಾಯಿ ಚಪ್ಪಲಿ. ಬಂದವರು ತೆಲುಗಿನವರಾದರೆ ತೆಲುಗು, ಉರ್ದುವಿನವರಾದರೆ ಉರ್ದು. ಬೈಯುವಾಗ ಮಾತ್ರ ಎಲ್ಲರಿಗೂ ಕನ್ನಡ. ಅವರ ಮರ್ಯಾದೆಯ ಲೆಕ್ಕವೇ ಉಲ್ಟಾ. ತೊಟ್ಟಿಲ ಕೂಸಿಗೆ 'ರಿ' ಹಚ್ಚಿ ಮಾತಾಡುವರು: "ಬರ್ರಿ ಸಾವ್ಕಾರ್ರ, ಒಂಚೂರು ಹೊಟ್ಟಿ ತೋರಸ್ರಿ, ಸಿಟ್ಟಾಗಬ್ಯಾಡ್ರಿ." ಆ ಕೂಸಿನ ಅಪ್ಪ ಎಷ್ಟೇ ದೊಡ್ಡ ಸಾಹೇಬನಾಗಿರಲಿ, ಅವನಿಗೆ ಏಕವಚನ: "ನೀ ಅತ್ಲಾಗ ಸರಿಯಪ್ಪಾ, ಬೆಳಕಿಗೆ ಅಡ್ಡ ನಿಂತೀಯಲ್ಲ."

ಕೂಸನ್ನು ಮಂಚಕ್ಕೆ ಹಾಕುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು: "ಉಚ್ಚಿ ಹೊಯ್ದದೇನು? ಯಾವಾಗ ಹೊಯ್ತು? ಬಣ್ಣ ಹೆಂಗಿತ್ತು?" ಅದನ್ನೂ ತಾಯಿಯನ್ನಲ್ಲ, ತಂದೆಯನ್ನು ಕೇಳುತ್ತಿದ್ದರು. ಅವನೋ, ಹೆಂಡತಿಯ ಮುಖ ನೋಡುತ್ತಿದ್ದ. "ಆಕಿ ಮುಖದ ಮ್ಯಾಲೆ ಬರದದೇನಪಾ? ಕೂಸು ಆಕಿ ಒಬ್ಬಾಕಿದೇನು?" ಎಂದು ಶುರು ಮಾಡಿದರೆ ಇಡೀ ಸಾಲು ನಗುತ್ತಿತ್ತು. ಬೆನ್ನ ಹಿಂದೆ ಜನ ಅವರನ್ನು ಉಚ್ಚಿ ಡಾಕ್ಟರ್ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಒಮ್ಮೆ ನಾನು ಅಲ್ಲೇ ಇದ್ದಾಗ ಗಿಲ್ಲೆಸುಗೂರಿನ ಒಬ್ಬ ಯಜಮಾನ ಮೊಮ್ಮಗನ ಕೆಮ್ಮಿಗೆ ಬಂದವನು ತಡೆಯಲಾರದೆ ಕೇಳಿದ: "ಕೆಮ್ಮಿಗೂ ಉಚ್ಚಿಗೂ ಏನ್ ಸಂಬಂಧರಿ ಅಕ್ಕೋರ? ಒಂದು ಬಾಟ್ಲಿ ಹಚ್ಚಿ ಕಳಸ್ರಿ, ಸಾಕು." ನಮ್ಮ ಕಡೆ ಸಲೈನ್ ಬಾಟಲಿ ಹಚ್ಚದವರು ಡಾಕ್ಟರೇ ಅಲ್ಲ. ಡಾಕ್ಟರಮ್ಮ ನನ್ನ ಕಡೆ ಬೆರಳು ತೋರಿಸಿ, "ಏನ್ ಸಂಬಂಧ ಅಂತ ಈಕಿನ್ನ ಕೇಳು. ಈಕಿಗೆ ಗೊತ್ತದ" ಎಂದರು.

ಗೊತ್ತಿಲ್ಲದೆ ಏನು? ನನ್ನ ಮಗಳ ಎರಡೂ ಕಿಡ್ನಿಗಳು ಕೆಮ್ಮಿನಿಂದಲೇ ಶುರುವಾಗಿ ನಿಂತುಹೋಗಿದ್ದವು.

ಸಹನಾಗೆ ಆಗ ಇನ್ನೂ ಮೂರು ತುಂಬಿರಲಿಲ್ಲ. ಜ್ವರ, ಕೆಮ್ಮು, ಉಸಿರಾಡಿದರೆ ಪಕ್ಕೆ ಒಳಗೆ ಹೋಗುತ್ತಿತ್ತು. ದೇವದುರ್ಗದಲ್ಲೇ ತೋರಿಸಿದೆವು. ನ್ಯುಮೋನಿಯಾ ಎಂದರು, ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಿತು. ಇನ್ನೇನು ಮನೆಗೆ ಹೋಗಬಹುದು ಎನ್ನುವಾಗ ಕೂಸು ಬಿಳಿಚಿಕೊಂಡಿತು. ತುಟಿಯಲ್ಲಿ ರಕ್ತವೇ ಇಲ್ಲ. ಉಚ್ಚೆ ಕರಿ ಚಹಾದ ಬಣ್ಣದಲ್ಲಿ ಒಂದಿಷ್ಟು ಬಂತು, ಆಮೇಲೆ ನಿಂತೇ ಹೋಯಿತು. ಅಲ್ಲಿಯ ಡಾಕ್ಟರು ತಡಮಾಡದೆ ರಾಯಚೂರಿಗೆ ಕಳಿಸಿದರು.

ಡಾಕ್ಟರಮ್ಮ ಮಾಮೂಲಿನಂತೆ ನನ್ನ ಗಂಡನನ್ನೇ ಕೇಳಿದರು. ನಮ್ಮವರು ಪಟ್ಟನೆ ಹೇಳಿದರು: "ನಿನ್ನಿ ಮಧ್ಯಾಹ್ನದಿಂದ ಇಲ್ಲರಿ. ಕಡೀಕ ಹೊಯ್ದಿದ್ದು ಕರಿ ಚಹಾ ಇದ್ದಂಗಿತ್ತು."

"ಹಾಂ! ಇಂವ ನೋಡು ಅಪ್ಪ!" ಎಂದು ಅವರ ಬೆನ್ನು ತಟ್ಟಿದವರು ಕೂಸಿನ ಕಣ್ಣ ರೆಪ್ಪೆ ಕೆಳಗೆಳೆದು ನೋಡಿದರು. ರಕ್ತ ತೆಗೆಸಿ ಕಳಿಸಿದರು. ರಿಪೋರ್ಟು ಬಂದ ಮೇಲೆ ನಮ್ಮನ್ನು ಒಳಗೆ ಕರೆದು, ಮೆಲ್ಲಗೆ, "ಕೂಡ್ರಿ, ಇಬ್ಬರೂ ಕೂಡ್ರಿ" ಎಂದರು. ಆ 'ರಿ' ಕಿವಿಗೆ ಬಿದ್ದದ್ದೇ ತಡ, ನಾನು ಗಂಡನ ತೋಳು ಹಿಡಿದುಕೊಂಡೆ. ಈ ಹೆಂಗಸು ದೊಡ್ಡವರಿಗೆ ಮರ್ಯಾದೆ ಕೊಡುತ್ತಿದ್ದಾಳೆ ಎಂದರೆ ಏನೋ ಕೆಟ್ಟದ್ದಾಗಿದೆ ಎಂದು ಸಾಲಿನಲ್ಲಿ ನಿಂತಿದ್ದಷ್ಟರಲ್ಲೇ ನನಗೆ ತಿಳಿದುಹೋಗಿತ್ತು.

"ನೀ ಏನು ಮಾಡ್ತೀ ಯವ್ವಾ?" ಎಂದು ಕೇಳಿದರು. ಬ್ಲೌಸು ಹೊಲಿಯುತ್ತೇನೆ ಎಂದೆ.

"ಹಂಗಾದ್ರ ನಿನಗ ತಿಳೀತದ. ರಕ್ತದ ಕೆಂಪು ಕಣಕ್ಕ ಮ್ಯಾಲೊಂದು ಹೊದಿಕಿ ಇರತದ, ಅಂಗಿ ಅನ್ನು. ನ್ಯುಮೋನಿಯಾ ತಂದ ಈ ಕ್ರಿಮಿ ಅದನ್ನ ಕತ್ತರಿಸಿ ಒಗದದ. ಬರಿಮೈ ಕಂಡ ಕೂಡ್ಲೇ ನಮ್ಮದೇ ರಕ್ತದ ನೀರಿನಾಗಿರೋ ಕಾವಲುಗಾರರು, ಇವರು ನಮ್ಮವರಲ್ಲ ಅಂತ ಹೊಡ್ಯಾಕ ಶುರು ಮಾಡ್ತಾರ. ಕಣ ಒಡೀತಾವ, ಸಣ್ಣ ಸಣ್ಣ ನಾಳ ಕಟ್ಕೊಂತಾವ. ಕಿಡ್ನಿ ತುಂಬ ಅಂಥಾ ಸಣ್ಣ ನಾಳಾನೇ. ಅದಕ್ಕ ಉಚ್ಚಿ ನಿಂತದ."

"ಮತ್ತ ಬರ್ತದಲ್ರಿ?" ಎಂದೆ.

"ಭಾಳ ಅಪರೂಪದ ಜಡ್ಡು ಇದು. ನಾ ಹಿಂದ ಒಂದ ನೋಡೀನಿ. ಆ ಕೂಸು ಉಳೀತು, ಕಿಡ್ನಿ ಪೂರ್ತಿ ತಿರುಗಿ ಬರಲಿಲ್ಲ. ನಿನ್ನ ಮಗಳವು ಬರ್ತಾವೋ ಇಲ್ಲೋ ನನಗ ಗೊತ್ತಿಲ್ಲ. ಸುಳ್ಳು ಹೇಳಂಗಿಲ್ಲ ನಾ."

ಆ ಕ್ಷಣಕ್ಕೆ ಅವರ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಎಲ್ಲ ಸರಿಹೋಗುತ್ತದೆ ಎಂದು ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಈಗ ನೆನೆದರೆ ಅನ್ನಿಸುತ್ತದೆ, ಮುಂದೆ ಅವರ ಒಂದೊಂದು ಮಾತನ್ನೂ ನಾನು ನಂಬಿದ್ದು ಅವತ್ತು ಅವರು ಸುಳ್ಳು ಹೇಳದೇ ಇದ್ದುದರಿಂದ.

ಅಷ್ಟರಲ್ಲಿ ಮಾನ್ವಿಯಿಂದ ನಮ್ಮಣ್ಣ ಬಂದ. ಅಲ್ಲಿ ಅವನದು ಅಕ್ಕಿ ಗಿರಣಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು, ಸೋದರ ಸೊಸೆ ಎಂದರೆ ಜೀವ. ಕೂಸಿಗೆ ರಕ್ತ ಬೇಕು ಎಂದದ್ದೇ ತಡ, ತೋಳು ಮಡಚಿ ಹೋಗಿ ಕೊಟ್ಟು ಬಂದ. ಬಂದವನ ಕಿವಿಗೆ, ಕೂಸಿಗೆ ಹಾಕುವ ಮೊದಲು ರಕ್ತವನ್ನು ತೊಳೆಯುತ್ತಾರೆ ಎಂಬ ಮಾತು ಬಿತ್ತು. ಸೀದಾ ಡಾಕ್ಟರಮ್ಮನ ಮುಂದೆ ಹೋಗಿ ನಿಂತ.

"ನನ್ನ ರಕ್ತ ಏನ್ ಹೊಲಸದೇನ್ರಿ? ಬೀಡಿ ಸುದ್ದಾ ಮುಟ್ಟಿದವನಲ್ಲ ನಾನು. ದಿನಾ ಲಿಂಗಪೂಜಿ ಮಾಡಿ ಊಟ ಮಾಡೋನು."

ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಏನು ಉದ್ಯೋಗ ನಿಂದು?"

"ರೈಸ್ ಮಿಲ್ ಅದ್ರಿ."

"ನಿನ್ನ ಮಿಲ್ಲಿನ ಅಕ್ಕಿ ಹೊಲಸಿರ್ತದೇನು?"

"ಛೇ, ಮುತ್ತಿನಂಗಿರ್ತದ."

"ಮತ್ತ ನಿನ್ನ ಹೆಂಡ್ತಿ ತೊಳದು ಯಾಕ ಅನ್ನಕ್ಕ ಇಡ್ತಾಳ?" ಆಮೇಲೆ ಅವರೇ ತಿಳಿಸಿ ಹೇಳಿದರು: ಎಂಥ ಚಲೋ ರಕ್ತವಿದ್ದರೂ ಅದರ ನೀರಿನಲ್ಲಿ ಆ ಕಾವಲುಗಾರರು ಇದ್ದೇ ಇರುತ್ತಾರೆ, ಹಾಗೇ ಹಾಕಿದರೆ ಕೂಸಿನ ಬರಿಮೈ ಕಣಗಳಿಗೆ ಇನ್ನಷ್ಟು ಹೊಡೆತ. ಅದಕ್ಕೆ ನೀರನ್ನೆಲ್ಲ ತೆಗೆದು, ಕೆಂಪು ಕಣ ಮಾತ್ರ ತೊಳೆದು ಕೊಡುವುದು. ಅಣ್ಣ ಫೋನಿನಲ್ಲಿ ಏನೋ ಓದಿಕೊಂಡು ಬಂದಿದ್ದ. ಇಂಥ ರೋಗಕ್ಕೆ ಆ ನೀರನ್ನೇ, ಪ್ಲಾಸ್ಮಾ ಅಂತ ಬೇರೆ ಮಾಡಿ ಕೊಡುತ್ತಾರಂತಲ್ಲ ಎಂದ. "ಬ್ಯಾರೆ ಕಾರಣಕ್ಕ ಬಂದ್ರ ಕೊಡ್ತಾರ. ಈ ಕ್ರಿಮಿಯಿಂದ ಬಂದ್ರ ಅದ ನೀರು ಉರಿಯೋ ಬೆಂಕಿಗೆ ಎಣ್ಣಿ. ಮತ್ತೊಂದು ಮಾತು. ಹತ್ತಿರದ ಬಳಗದವರ ರಕ್ತ ಕೂಸಿಗೆ ಹಾಕಂಗಿಲ್ಲ. ನಿಂದು ಬ್ಯಾರೆ ಯಾರಿಗೋ ಹೋಗ್ತದ" ಎಂದು ಮುಗಿಸಿದರು. ಪಾಪ ಅಣ್ಣ, ತನ್ನ ಲಿಂಗಪೂಜೆಯ ರಕ್ತ ಯಾರ ಮೈಯಲ್ಲಿ ಹರಿಯುತ್ತಿದೆಯೋ ಎಂದು ಈಗಲೂ ಯೋಚಿಸುತ್ತಾನೆ. ಅವನ ಈ ಚಿಂತೆಗೆ ಮನೆಮಂದಿಯೆಲ್ಲ ನಗುತ್ತೇವೆ.

ಆದರೆ ಮರುದಿನ ನಡೆದದ್ದಕ್ಕೆ ಯಾರೂ ನಗಲಿಲ್ಲ. ಉಚ್ಚೆ ಬರದ ಮೈಗೆ ನೀರು ಹೆಚ್ಚಾದರೆ ಅದು ಎದೆಗೆ ಏರುತ್ತದೆ, ಹೇಳಿದಷ್ಟೇ ಚಮಚ ನೀರು ಕೊಡಿ ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಕೂಸು "ಮಾಮಾ, ನೀರು" ಎಂದು ಅಳುತ್ತಿತ್ತು. ಅಣ್ಣನಿಗೆ ಅದನ್ನು ನೋಡಲಾಗಲಿಲ್ಲ. ನಮ್ಮ ಕಡೆ ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವವರುಂಟೇ? ಜ್ವರಕ್ಕೂ ಎಳನೀರು, ಕಾಲು ಮುರಿದರೂ ಎಳನೀರು. ಅಣ್ಣನೂ ಕಾರಿನ ಡಿಕ್ಕಿ ತುಂಬ ತಂದಿದ್ದ. ಎಳನೀರು ಕುಡಿದರೆ ಉಚ್ಚೆ ಸಲೀಸಾಗಿ ಬರುತ್ತದೆ ಎಂದು ನಮ್ಮ ಮನೆಗಳಲ್ಲಿ ಕೂಸಿಗೂ ಗೊತ್ತು. ನಾನು ಔಷಧಿ ತರಲು ಹೋಗಿದ್ದಾಗ ಒಂದು ಕಾಯಿ ಕೊಚ್ಚಿಸಿ ತಂದು ಕುಡಿಸಿದ. ಅವನ ಲೆಕ್ಕದಲ್ಲಿ ಅದು ನೀರಲ್ಲ, ಔಷಧ.

ಸಂಜೆಯ ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ ಓಡಿಬಂದರು. ಆ ಮೈಯಲ್ಲಿ ಅಷ್ಟು ಜೋರಾಗಿ ಅವರು ಓಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಯಂತ್ರದ ಮೇಲೆ ಎದೆಬಡಿತದ ಗೆರೆ ನೋಡಿದರು. ಬಗ್ಗಿ ಕೂಸಿನ ಬಾಯಿ ಮೂಸಿದರು. ಆಮೇಲೆ ಮಂಚದ ಕೆಳಗೆ ಬಗ್ಗಿ ನೋಡಿದರು. ಕೊಚ್ಚಿದ ಕಾಯಿ ಅಲ್ಲೇ ಬಿದ್ದಿತ್ತು. ಎದೆಯನ್ನು ಕಾಯುವ ಇಂಜೆಕ್ಷನ್ ಕೊಟ್ಟರು. ಕೂಸಿನ ಹೊಟ್ಟೆಗೆ ಸಣ್ಣ ನಳಿಕೆ ಹಾಕಿ, ಔಷಧದ ನೀರು ಒಳಗೆ ಬಿಟ್ಟು, ಸ್ವಲ್ಪ ಹೊತ್ತು ತಡೆದು, ಹೊರಗೆ ಇಳಿಸಲು ಶುರು ಮಾಡಿದರು. ಕಿಡ್ನಿ ಮಾಡುವ ಕೆಲಸವನ್ನು ಹೊಟ್ಟೆಯ ಪದರದಿಂದ ಮಾಡಿಸುವುದಂತೆ. ನಾನು ಹೊರಗೆ ಗೋಡೆ ಹಿಡಿದು ನಿಂತಿದ್ದೆ, ಅಣ್ಣನ ಮುಖ ನೋಡುವ ಮನಸ್ಸು ನನಗಿರಲಿಲ್ಲ.

ಎದೆಬಡಿತದ ಗೆರೆ ಸರಿಹೋದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಬೆಂಚಿನ ಮೇಲೆ ಧೊಪ್ಪನೆ ಕೂತು ಅಣ್ಣನನ್ನು ಕರೆದರು. ಇವತ್ತು ಇವನ ಗ್ರಹಚಾರ ಬಿಡಿಸುತ್ತಾರೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಬಿಡಿಸಲಿ ಎಂದೇ ಇತ್ತು ನನಗೆ.

"ಎಷ್ಟು ತಂದೀ ಎಳನೀರು?"

"ಡಿಕ್ಕಿ ತುಂಬಾ ಅದಾವ್ರಿ."

"ಎಲ್ಲಾ ತಗೊಂಡು ಬಾ."

ತಂದ. ವಾರ್ಡಿನ ಆಯಾ ಕಾಯಿ ಕೊಚ್ಚಿ ಕೊಟ್ಟಳು. ಡಾಕ್ಟರಮ್ಮ ಅವನ ಎದುರಿಗೇ ಒಂದನ್ನು ಎತ್ತಿ ಗಟಗಟ ಕುಡಿದು, ಸೆರಗಿನಿಂದ ಗದ್ದ ಒರೆಸಿಕೊಂಡರು. "ಇದರಾಗ ಪೊಟ್ಯಾಶಿಯಮ್ ಅಂತ ಒಂದು ಲವಣ ಭಾಳ ಇರ್ತದ ತಮ್ಮಾ. ಉಚ್ಚಿ ಹೊಯ್ಯೋ ನನಗ ಇದು ಅಮೃತ. ಉಚ್ಚಿ ನಿಂತ ಆ ಕೂಸಿಗೆ ಇದು ಎದಿ ನಿಲ್ಲಸ್ತದ. ನೀ ಕೆಟ್ಟವನಲ್ಲ, ಗೊತ್ತದ ನನಗ. ಆದ್ರ ಪ್ರೀತಿ ಮಾಡೋ ಮೊದ್ಲ ನನ್ನ ಒಂದ್ ಮಾತು ಕೇಳು."

ಅಣ್ಣ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟ. ಅಷ್ಟು ದೊಡ್ಡ ಗಂಡಸು ಅತ್ತದ್ದನ್ನು ನೋಡಿ ನನ್ನ ಸಿಟ್ಟು ಇಳಿದುಹೋಯಿತು. ಡಾಕ್ಟರಮ್ಮ ಅವನ ಕೈಗೂ ಒಂದು ಕಾಯಿ ಕೊಟ್ಟು, "ಕುಡಿ, ಕುಡಿ, ಕಣ್ಣಾಗಿಂದು ಭಾಳ ಹೋತು" ಎಂದರು.

ಅವತ್ತಿನಿಂದ ವಾರ್ಡಿನ ಬಾಗಿಲಿಗೆ ಅಣ್ಣನೇ ಕಾವಲು. ದೇವದುರ್ಗದಿಂದ, ಮಾನ್ವಿಯಿಂದ, ದೇವಸುಗೂರಿನಿಂದ ನಮ್ಮ ಬಳಗ ಬರುತ್ತಲೇ ಇತ್ತು, ಬಂದವರ ಕೈಯಲ್ಲೆಲ್ಲ ಎಳನೀರು. ಅಣ್ಣ ಅವನ್ನು ಬಾಗಿಲಲ್ಲೇ ಹಿಡಿದು ಡಾಕ್ಟರಮ್ಮನ ಕೋಣೆಗೆ ಸಾಗಿಸುತ್ತಿದ್ದ. ಅವರು ಕುಡಿದರು, ನರ್ಸುಗಳು ಕುಡಿದರು, ಲ್ಯಾಬಿನವರು ಕುಡಿದರು. ಕೊನೆಗೆ ಒಂದು ದಿನ ಕೋಣೆಯಿಂದ ಕೂಗು ಕೇಳಿತು: "ನಿಮ್ಮ ಬಳಗ ಎಷ್ಟು ದೊಡ್ಡದದನೋ ಮಾರಾಯ! ಅಲ್ಲಿ ಆಕೀದು ಬರವಲ್ದು, ಇಲ್ಲಿ ನಂದು ನಿಲ್ಲವಲ್ದು!" ಹೊಟ್ಟೆಯಲ್ಲಿ ನಳಿಕೆ ಹಾಕಿಸಿಕೊಂಡು ಮಲಗಿದ್ದ ಮಗಳ ಪಕ್ಕ ಕೂತು ನಾನು ಅವತ್ತು ನಕ್ಕೆ. ಆಸ್ಪತ್ರೆಗೆ ಬಂದ ಮೇಲೆ ಅದೇ ಮೊದಲು.

ಉಚ್ಚೆ ಬಂದದ್ದು ಒಂದು ಮಧ್ಯಾಹ್ನ. ನಮ್ಮತ್ತೆ ಬಲು ಮಡಿಯ ಹೆಂಗಸು. ಆಸ್ಪತ್ರೆಯ ನೆಲಕ್ಕೆ ಸೀರೆ ತಾಗಿದರೂ ಮತ್ತೆ ಸ್ನಾನ ಮಾಡುವವರು. ಕೂಸಿನ ಕೆಳಗೆ ಕೈಯಿಟ್ಟು ನೋಡಿದವರು ಚೀರಿಯೇಬಿಟ್ಟರು. ಒದ್ದೆ ದುಪ್ಪಟಿಯನ್ನು ಎಳೆದು ಎದೆಗೆ ಅವುಚಿಕೊಂಡು ಹೊರಗೆ ಓಡಿದರು: "ಹೊಯ್ದದರಿ! ನಮ್ಮ ಕೂಸು ಉಚ್ಚಿ ಹೊಯ್ದದ, ನೋಡ್ರಿ!" ಗುರುತಿಲ್ಲದವರಿಗೆಲ್ಲ ತೋರಿಸುತ್ತಾ ಹೊರಟಿದ್ದಾರೆ. ಎದುರಿಗೆ ಡಾಕ್ಟರಮ್ಮ.

"ಯವ್ವಾ, ಮೆರವಣಿಗಿ ಆಮ್ಯಾಲೆ ಮಾಡೀಯಂತ. ಮೊದ್ಲ ಇಲ್ಲಿ ಕೊಡು, ಆರಿಬಿಟ್ಟೀತು!"

ದುಪ್ಪಟಿಯನ್ನು ಕಸಿದುಕೊಂಡು ಹೋಗಿ ಕೂಸುಗಳನ್ನು ತೂಗುವ ತಕ್ಕಡಿಯ ಮೇಲೆ ಇಟ್ಟರು. ಆಮೇಲೆ ಅಂಥದೇ ಒಣ ದುಪ್ಪಟಿ ಇಟ್ಟು ತೂಗಿದರು. ಎಷ್ಟು ಹೊಯ್ದಿದೆ ಎಂಬ ಲೆಕ್ಕ ಸಿಕ್ಕಮೇಲೆ ಸಹನಾಳ ಮಂಚಕ್ಕೆ ಬಂದು, "ಶಾಬಾಸ್ ತಾಯಿ, ಭಾಳ ಉಪಕಾರ ಆತ್ರಿ ನಿಮ್ಮಿಂದ" ಎಂದು ಕೈ ಮುಗಿದರು. ಕೂಸು ಸಿಡಿಮಿಡಿಯಾಗಿ ಮುಖ ತಿರುಗಿಸಿತು.

ನಾವು ಅಷ್ಟಕ್ಕೇ ಎಲ್ಲ ಮುಗಿಯಿತು ಅಂದುಕೊಂಡೆವು. ಅವರು ಅಲ್ಲಗಳೆದರು. ಕಿಡ್ನಿಗೆ ಒಳಗೊಳಗೇ ಪೆಟ್ಟು ಉಳಿದಿದ್ದರೆ ವರ್ಷಗಳಾದ ಮೇಲೂ ಹೊರಗೆ ಬರಬಹುದು. ಬಿಪಿ, ಉಚ್ಚೆಯಲ್ಲಿ ಪ್ರೋಟೀನು ನೋಡಿಸುತ್ತಲೇ ಇರಬೇಕು. ಹಾಗಾಗಿ ಪ್ರತಿ ವರ್ಷ ರಾಯಚೂರಿಗೆ ಹೋಗುವುದು ನಮಗೆ ರೂಢಿಯಾಯಿತು. ಆ ನೆಪದಲ್ಲಿ ಅವರ ಬಿಳಿ ಕೋಟುಗಳನ್ನು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಎಂಥ ತರಲೆ ಗಿರಾಕಿ ಅಂತೀರಿ! ಜೇಬು ಸಾಲದು, ಇನ್ನೂ ಆಳ ಮಾಡು, ಅದರೊಳಗೆ ಇನ್ನೊಂದು ಜೇಬು ಇಡು. ಒಂದರಲ್ಲಿ ಟಾರ್ಚು, ಒಂದರಲ್ಲಿ ಬಡಿಗೆಯಂಥ ಪೆನ್ನುಗಳು, ಒಂದರಲ್ಲಿ ಕಾಗದದಲ್ಲಿ ಕಟ್ಟಿದ ಮಿರ್ಚಿ ಬಜ್ಜಿ. ಎಣ್ಣೆಯ ಕಲೆ ಹೋಗುವುದಿಲ್ಲ ಎಂದು ನಾನು ಗೊಣಗಿದರೆ, "ಕಲಿ ನೋಡ್ಕೊಂತ ಕುಂತ್ರ ಬಜ್ಜಿ ಆರ್ತದ" ಎನ್ನುತ್ತಿದ್ದರು. ಈ ನ್ಯುಮೋನಿಯಾದ ಕ್ರಿಮಿಗೆ ಸರಕಾರಿ ಲಸಿಕೆ ಶುರುವಾದಾಗ ಅಣ್ಣನಿಗೆ ಅವರೇ ಫೋನ್ ಮಾಡಿದರು. ಅಣ್ಣ ತನ್ನ ಮೊಮ್ಮಗನಿಗೆ ಹಾಕಿಸಿದ್ದಲ್ಲದೆ, ಗಿರಣಿಗೆ ಭತ್ತ ತರುವ ಒಬ್ಬೊಬ್ಬರನ್ನೂ "ಕೂಸಿಗೆ ಸೂಜಿ ಹಾಕಿಸೀಯೇನು?" ಎಂದು ಕೇಳುವುದನ್ನು ಹಚ್ಚಿಕೊಂಡ. ಈಗಲೂ ಬಿಟ್ಟಿಲ್ಲ.

ಇನ್ನು ನನ್ನ ವಿಷಯ. ಮಗಳು ಶಾಲೆಗೆ ಹೋಗುವಷ್ಟಾದಳು, ಜಡೆ ತಾನೇ ಹಾಕಿಕೊಳ್ಳುವಷ್ಟಾದಳು, ನನ್ನ ಹೆದರಿಕೆ ಮಾತ್ರ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಕೂತಿತ್ತು. ಬಚ್ಚಲ ಬಾಗಿಲಿಗೆ ನಿಂತು ಬಣ್ಣ ಹೇಗಿತ್ತು ಎಂದು ಕೇಳುವುದು, ನೆಂಟರ ಮನೆಯಲ್ಲಿ ಉಪ್ಪು ಹೆಚ್ಚೆಂದು ಉಪ್ಪಿನಕಾಯಿಯನ್ನು ಅವಳ ತಟ್ಟೆಯಿಂದ ತೆಗೆದುಬಿಡುವುದು. ಅವಳ ಗೆಳತಿಯರ ಮುಂದೆಯೂ ಕೇಳುತ್ತಿದ್ದೆ. "ಅವ್ವಾ, ಮರ್ಯಾದಿ ತೆಗೀಬ್ಯಾಡ" ಎಂದು ಅವಳು ಮುನಿಸಿಕೊಂಡರೂ ನಾನು ಬಿಡುತ್ತಿರಲಿಲ್ಲ. ಬಿಡುವುದು ಹೇಗೆ? ಕರಿ ಚಹಾದ ಬಣ್ಣ ಕಂಡವಳು ನಾನು.

ಬೀಳ್ಕೊಡುಗೆಗೆ ಒಂದು ವಾರ ಮೊದಲು ಈ ವರ್ಷದ ತಪಾಸಣೆಗೆ ಹೋದೆವು. ಸಹನಾಗೆ ಈಗ ಹನ್ನೆರಡು. ರಿಪೋರ್ಟುಗಳನ್ನು ನೋಡಿ ಡಾಕ್ಟರಮ್ಮ ಬಿಪಿ ಪಟ್ಟಿ ಕಟ್ಟಿದರು, ಬಿಚ್ಚಿದರು. ನಾನು ಕುರ್ಚಿಯ ತುದಿಗೆ ಸರಿದು ಬಾಯಿ ತೆರೆಯುವಷ್ಟರಲ್ಲಿ, "ನೀ ಒಂದೀಟು ಹೊರಗ ಕೂಡವ್ವಾ" ಎಂದರು.

"ನಾನ್ಯಾಕ್ರಿ?"

"ಕಿಡ್ನಿ ಯಾರವು?"

"ಆಕೀವು."

"ಹಂಗಾದ್ರ ಆಕಿ ಜೋಡಿ ಮಾತಾಡ್ತೀನಿ. ಹೋಗು, ಬಾಗಿಲು ಮುಂದ ಮಾಡ್ಕೊ."

ಇಷ್ಟು ವರ್ಷ ಒಂದು ದಿನವೂ ಆ ಕೋಣೆಯ ಹೊರಗೆ ಕೂತವಳಲ್ಲ ನಾನು. ಎಂಥ ಸಿಟ್ಟು ಬಂತೆಂದರೆ, ಈ ಹೆಂಗಸಿನ ಕೋಟು ಇನ್ನು ಹೊಲಿದರೆ ಕೇಳಿ ಅಂದುಕೊಂಡೆ. ಒಳಗಿನಿಂದ ಮಾತು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಜೋರಾಗಿ ನಕ್ಕರು. ಮತ್ತೆ ನಕ್ಕರು. ನನ್ನ ಹೊಟ್ಟೆ ಉರಿಯಿತು.

ಮಗಳು ಹೊರಗೆ ಬಂದಳು. ರಿಪೋರ್ಟುಗಳು ಅವಳ ಕೈಯಲ್ಲಿದ್ದವು.

"ಏನಂದ್ರು?"

"ಕಿಡ್ನಿ ಎರಡೂ ಚಲೋ ಅದಾವಂತ. ವರ್ಷಕ್ಕೊಮ್ಮಿ ಪರೀಕ್ಷಿ ಬಿಡಬಾರ್ದಂತ, ಇನ್ನ ನಾನೇ ನೆನಪಿಟ್ಟು ಮಾಡಿಸ್ಕೋಬೇಕಂತ."

"ಮತ್ತ ನಗಾಕತ್ತಿದ್ರಲ್ಲ?"

"ಅದು ನಿನಗ ಹೇಳಬ್ಯಾಡ ಅಂದಾರ."

ಹೇಳಲೂ ಇಲ್ಲ. ಬಸ್ ಸ್ಟ್ಯಾಂಡಿನವರೆಗೆ ನನ್ನ ಮುಂದೆ ಮುಂದೆ ನಡೆದಳು. ದೇವದುರ್ಗದ ಬಸ್ಸು ಇನ್ನೂ ಬಂದಿರಲಿಲ್ಲ. ತನ್ನ ಬ್ಯಾಗನ್ನು ನನ್ನ ಕೈಗೆ ತುರುಕಿ, "ಒಂದಕ್ಕ ಹೋಗಿ ಬರ್ತೀನಿ. ನೀ ಇಲ್ಲೇ ಇರು" ಎಂದಳು. ಅಷ್ಟು ದೊಡ್ಡ ಗದ್ದಲದೊಳಗೆ ಅವಳ ಜಡೆ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ಕಾಲು ತಾನಾಗಿ ಎರಡು ಹೆಜ್ಜೆ ಹಾಕಿತು. ತಡೆದು ನಿಂತೆ. ಅವಳು ಬಂದಳು, ಒದ್ದೆ ಕೈಯನ್ನು ನನ್ನ ಸೆರಗಿಗೆ ಒರೆಸಿಕೊಂಡಳು. ಬಣ್ಣ ಹೇಗಿತ್ತೆಂದು ನಾನು ಕೇಳಲಿಲ್ಲ.